ಹೊಟ್ಟೆಯ ನೀರು ಅಲುಗದ ಹಾಗೆ ಗೇರ್ ಬದಲಿಸುವುದು

1989ರ ಮಾರ್ಚ್ 26ರಂದು ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಆ ವರ್ಷದ ಫಾರ್ಮುಲಾ ಒನ್ ಸರಣಿಯ ಮೊದಲ ರೇಸು ನಡೆಯಿತು. ಫೆರಾರಿ ತಂಡ ಅಂದು ಇಳಿಸಿದ್ದ 640 ಎಂಬ ಕಾರಿನಲ್ಲಿ ಗೇರ್ ಲಿವರ್ ಇರಲಿಲ್ಲ. ಸ್ಟಿಯರಿಂಗ್ ಚಕ್ರದ ಹಿಂಬದಿಯಲ್ಲಿ, ಬೆರಳಿಗೆ ಸಿಗುವಂತೆ, ಪ್ಯಾಡಲ್ ಎನ್ನುವ ಎರಡು ಪುಟ್ಟ ಪಟ್ಟಿಗಳಿದ್ದವು. ಬಲಗಡೆಯದನ್ನು ಎಳೆದರೆ ಮೇಲಿನ ಗೇರ್, ಎಡಗಡೆಯದನ್ನು ಎಳೆದರೆ ಕೆಳಗಿನ ಗೇರ್. ವಿನ್ಯಾಸಕ ಜಾನ್ ಬರ್ನಾರ್ಡ್ ಅವರ ಈ ಏರ್ಪಾಟು ಪರೀಕ್ಷೆಯ ಹೊತ್ತಿನಲ್ಲಿ ಪದೇ ಪದೇ ಕೈಕೊಟ್ಟಿತ್ತು. ರೇಸು ಪೂರ್ತಿ ಓಡೀತು ಎಂಬ ಭರವಸೆ ಚಾಲಕ ನೈಜೆಲ್ ಮ್ಯಾನ್ಸೆಲ್ ಅವರಿಗೇ ಇರಲಿಲ್ಲ. ಆದರೂ ಕಾರು ಓಡಿತು, ಗೆದ್ದೂ ಬಿಟ್ಟಿತು. ಆಮೇಲೆ ಅದೇ ವರ್ಷ ಎಷ್ಟೋ ರೇಸುಗಳಲ್ಲಿ ಅದು ಅರ್ಧ ದಾರಿಯಲ್ಲಿ ನಿಂತದ್ದೂ ಉಂಟು. ಆ ಹೊತ್ತಿಗಾಗಲೇ ಉಳಿದ ತಂಡಗಳಿಗೆ ವಿಷಯ ಅರ್ಥವಾಗಿತ್ತು, ಕೆಲವೇ ವರ್ಷಗಳಲ್ಲಿ ಫಾರ್ಮುಲಾ ಒನ್ ಕಾರುಗಳಿಂದ ಗೇರ್ ಲಿವರ್ ಮಾಯವಾಯಿತು.

ಆ ಕಾರಿನ ಎಲೆಕ್ಟ್ರಾನಿಕ್ಸ್ ಒದಗಿಸಿದ್ದು ಇಟಲಿಯ ಮ್ಯಾಗ್ನೆಟಿ ಮರೆಲಿ ಕಂಪನಿ. 1997ರಲ್ಲಿ ಫೆರಾರಿ ಎಫ್355 ಕಾರಿನ ಮೂಲಕ ಪ್ಯಾಡಲ್ ಗೇರ್ ರಸ್ತೆಗೆ ಇಳಿದಾಗಲೂ ಅದರ ಹಿಂದೆ ಇದ್ದದ್ದು ಅದೇ ಕಂಪನಿ. 2014ರ ಫೆಬ್ರವರಿಯಲ್ಲಿ ಮಾರುತಿ ಸುಜುಕಿ ತನ್ನ ಸೆಲೆರಿಯೊ ಕಾರನ್ನು ಕ್ಲಚ್ ಪೆಡಲ್ ಇಲ್ಲದೆ ಮಾರುಕಟ್ಟೆಗೆ ತಂದು, ಭಾರತದ ಮಧ್ಯಮ ವರ್ಗಕ್ಕೆ ‘ಎಎಂಟಿ’ ಎಂಬ ಮೂರಕ್ಷರವನ್ನು ಪರಿಚಯಿಸಿತಲ್ಲ, ಅದರ ಯಂತ್ರವೂ ಮ್ಯಾಗ್ನೆಟಿ ಮರೆಲಿಯದೇ. ಕೋಟಿಗಟ್ಟಲೆ ಬೆಲೆಯ ಕಾರಿಗೂ ಐದಾರು ಲಕ್ಷದ ಕಾರಿಗೂ ಮೂಲದಲ್ಲಿ ಒಂದೇ ಉಪಾಯ: ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ಇಟ್ಟುಕೊಂಡು, ಕ್ಲಚ್ ಒತ್ತುವ ಮತ್ತು ಗೇರ್ ಬದಲಿಸುವ ಕೆಲಸವನ್ನು ಕಂಪ್ಯೂಟರ್ ಆಡಿಸುವ ಹೈಡ್ರಾಲಿಕ್ ಅಥವಾ ವಿದ್ಯುತ್ ಸಾಧನಕ್ಕೆ ಒಪ್ಪಿಸುವುದು. ಟಾಟಾ, ಮಹೀಂದ್ರಾ, ರೆನೊ, ಹ್ಯುಂಡೈ ಒಂದೊಂದಾಗಿ ಇದೇ ದಾರಿ ಹಿಡಿದವು. ಅಗ್ಗದ ಎಎಂಟಿಗಳಲ್ಲಿ ಬಹುಕಾಲ ಪ್ಯಾಡಲ್ ಇರಲಿಲ್ಲ, ಲಿವರನ್ನು ಹಿಂದೆ ಮುಂದೆ ತಳ್ಳಬೇಕಿತ್ತು. 2023ರಲ್ಲಿ ಬಂದ ಹ್ಯುಂಡೈ ಎಕ್ಸ್‌ಟರ್‌ನಂಥ ಸಣ್ಣ ಕಾರಿನ ಎಎಂಟಿಗೂ ಸ್ಟಿಯರಿಂಗ್ ಹಿಂದೆ ಪ್ಯಾಡಲ್ ಬಂತು.

ಎಎಂಟಿಗಳ ಮೇಲಿನ ದೂರು ಮಾತ್ರ ಮೊದಲ ದಿನದಿಂದಲೂ ಒಂದೇ. ಗೇರ್ ಬದಲಾಗುವಾಗಲೆಲ್ಲ ಗಾಡಿ ಒಂದು ಕ್ಷಣ ಉಸಿರು ಹಿಡಿದಂತಾಗಿ, ಕೂತವರ ತಲೆ ಮುಂದಕ್ಕೆ ವಾಲಿ, ಮತ್ತೆ ಹಿಂದಕ್ಕೆ ಬೀಳುತ್ತದೆ. ‘ಜರ್ಕ್ ಹೊಡೆಯುತ್ತೆ’ ಎನ್ನುವುದು ಷೋರೂಮಿನಿಂದ ಹಿಡಿದು ಮದುವೆ ಮನೆಯ ಮಾತುಕತೆಯವರೆಗೆ ಎಎಂಟಿಗೆ ಅಂಟಿಕೊಂಡ ಷರಾ. ಪ್ಯಾಡಲ್‌ಗೆ ಸಿಕ್ಕಿರುವ ಷರಾ ಇದಕ್ಕೆ ತದ್ವಿರುದ್ಧ: ಅದು ಹುಡುಗರ ಆಟಿಕೆ, ರೇಸಿನ ನಕಲು, ಶಾಂತವಾಗಿ ಗಾಡಿ ಓಡಿಸುವವರಿಗೆ ಬೇಡದ ವಸ್ತು. ಎರಡೂ ಷರಾಗಳು ತಪ್ಪು ಜಾಗಕ್ಕೆ ಬಿದ್ದಿವೆ ಎಂಬುದು ನನ್ನ ವಾದ. ಜರ್ಕಿನಲ್ಲಿ ಯಂತ್ರದ ಪಾಲು ಎಷ್ಟಿದೆಯೋ ನಮ್ಮ ಬಲಗಾಲಿನ ಪಾಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಆ ಜರ್ಕನ್ನು ಕಡಿಮೆ ಮಾಡಲು ಇರುವ ಒಳ್ಳೆಯ ಸಾಧನವೇ ಪ್ಯಾಡಲ್.

ಗೇರ್ ಬದಲಾಗುವ ಆ ಅರೆಕ್ಷಣದಲ್ಲಿ ಏನಾಗುತ್ತದೆ ನೋಡಿ. ಎಂಜಿನ್ ಚಕ್ರಗಳನ್ನು ಎಳೆಯುತ್ತಿದೆ. ಮೇಲಿನ ಗೇರ್ ಬೇಕೆಂದಾಗ ಕಂಪ್ಯೂಟರ್ ಮೊದಲು ಎಂಜಿನ್ನಿನ ಬಲ ತಗ್ಗಿಸುತ್ತದೆ, ಕ್ಲಚ್ ಬಿಡಿಸುತ್ತದೆ, ಹಳೆಯ ಗೇರಿನಿಂದ ಹೊರಬಂದು ಹೊಸದಕ್ಕೆ ಹಾಕುತ್ತದೆ, ಮತ್ತೆ ಕ್ಲಚ್ ಕೂಡಿಸಿ ಬಲವನ್ನು ಮರಳಿಸುತ್ತದೆ. ಸಾಧಾರಣ ಬೆಲೆಯ ಕಾರುಗಳಲ್ಲಿ ಇದೆಲ್ಲ ಮುಗಿಯಲು ಅರ್ಧ ಸೆಕೆಂಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಕ್ಲಚ್ ಬಿಟ್ಟಿರುವಷ್ಟು ಹೊತ್ತು ಚಕ್ರಗಳಿಗೆ ಎಳೆತವೇ ಇಲ್ಲ. ಹಗ್ಗಜಗ್ಗಾಟದಲ್ಲಿ ಎದುರು ಬಣ ದಿಢೀರನೆ ಹಗ್ಗ ಬಿಟ್ಟರೆ ಆಗುವ ಗತಿ ಕಾರಿನಲ್ಲಿ ಕೂತವರಿಗೂ ಆಗುತ್ತದೆ. ಮ್ಯಾನ್ಯುಯಲ್ ಕಾರಿನಲ್ಲೂ ಈ ಖಾಲಿ ಅವಧಿ ಇದ್ದೇ ಇದೆ, ಎಷ್ಟೋ ಸಲ ಇದಕ್ಕಿಂತ ಉದ್ದವಾಗಿಯೇ ಇರುತ್ತದೆ. ಹಾಗಿದ್ದೂ ಅಲ್ಲಿ ಯಾರೂ ದೂರುವುದಿಲ್ಲ. ಏಕೆಂದರೆ ಮ್ಯಾನ್ಯುಯಲ್ ಓಡಿಸುವವರ ಎಡಗಾಲು ಕ್ಲಚ್ ಕಡೆ ಹೋಗುತ್ತಿದ್ದಂತೆ ಬಲಗಾಲು ತಾನಾಗಿಯೇ ಎಕ್ಸಲರೇಟರ್ ಸಡಿಲಿಸುತ್ತದೆ. ಡ್ರೈವಿಂಗ್ ಶಾಲೆಯಲ್ಲಿ ಮೊದಲ ವಾರವೇ ಇವೆರಡೂ ಜೋಡಿಯಾಗಿ ಕಾಲಿಗೆ ಇಳಿದಿರುತ್ತವೆ. ಕ್ಲಚ್ ಪೆಡಲ್ ತೆಗೆದು ಎಡಗಾಲಿಗೆ ರಜೆ ಕೊಟ್ಟಾಗ, ಬಲಗಾಲು ತನ್ನ ಪಾಲಿನ ಅರ್ಧ ಕೆಲಸವನ್ನೂ ಮರೆತುಬಿಡುತ್ತದೆ. ಎಕ್ಸಲರೇಟರ್ ಹಾಗೇ ಒತ್ತಿಕೊಂಡಿದ್ದರೆ, ಎಳೆತ ಜೋರಾಗಿರುವಾಗಲೇ ಕಂಪ್ಯೂಟರ್ ಅದನ್ನು ಕಡಿಯಬೇಕಾಗುತ್ತದೆ; ಗೇರ್ ಬಿದ್ದ ಕೂಡಲೇ ಅಷ್ಟೇ ಜೋರಿನ ಎಳೆತವನ್ನು ಮರಳಿಸಬೇಕಾಗುತ್ತದೆ.

ನಮ್ಮ ದೇಹಕ್ಕೆ ವೇಗ ತಿಳಿಯುವುದಿಲ್ಲ. ವೇಗ ಹೆಚ್ಚುತ್ತಿರುವುದು, ಎಂದರೆ ವೇಗೋತ್ಕರ್ಷ, ತಿಳಿಯುತ್ತದೆ. ಆದರೆ ಅದು ಒಂದೇ ಸಮನಿದ್ದರೆ ಬೆನ್ನು ಸೀಟಿಗೆ ಒರಗಿ ಆರಾಮವಾಗಿಯೇ ಇರುತ್ತದೆ. ಕತ್ತಿಗೆ ಕಷ್ಟ ಕೊಡುವುದು ಆ ವೇಗೋತ್ಕರ್ಷ ಎಷ್ಟು ಬೇಗ ಬದಲಾಯಿತು ಎಂಬುದು. ಮೆಟ್ರೊ ರೈಲಿನ ವಿನ್ಯಾಸಕರು ನಿಂತು ಪ್ರಯಾಣಿಸುವವರನ್ನು ನೆನೆದು ಈ ಬದಲಾವಣೆಯ ದರಕ್ಕೇ ಒಂದು ಮಿತಿ ಹಾಕಿಕೊಳ್ಳುತ್ತಾರೆ. ಲೆಕ್ಕ ಸುಲಭ. ಕಾರು ಪ್ರತಿ ಸೆಕೆಂಡಿಗೆ 2 ಮೀಟರ್‌ನಷ್ಟು ವೇಗ ಹೆಚ್ಚಿಸಿಕೊಳ್ಳುತ್ತಿದೆ ಎನ್ನೋಣ. ಸಿಗ್ನಲ್ ಬಿಟ್ಟಾಗ ಚುರುಕಾಗಿ ಹೊರಟ ಕಾರಿಗೆ ಇದು ಸಹಜ. ಈ ಎಳೆತವನ್ನು ಯಂತ್ರ 0.2 ಸೆಕೆಂಡಿನಲ್ಲಿ ಸೊನ್ನೆಗೆ ಇಳಿಸಿದರೆ ಬದಲಾವಣೆಯ ದರ 10. ಅದೇ ಚಾಲಕ ಮೊದಲೇ ಕಾಲು ಸಡಿಲಿಸಿ ಎಳೆತವನ್ನು ಅರ್ಧಕ್ಕೆ ತಂದು, ಉಳಿದರ್ಧ 0.5 ಸೆಕೆಂಡಿನಲ್ಲಿ ಕರಗುವಂತೆ ನೋಡಿಕೊಂಡರೆ ದರ 2. ಗೇರ್‌ಬಾಕ್ಸ್ ಅದೇ, ಕಾರು ಅದೇ, ರಸ್ತೆ ಅದೇ. ಏಟು ಮಾತ್ರ ಐದರಲ್ಲೊಂದು ಪಾಲು. ಖಾಲಿ ಅವಧಿಯ ಉದ್ದವನ್ನು ನಾವು ಕಡಿಮೆ ಮಾಡಲಾರೆವು, ಅದು ಯಂತ್ರಕ್ಕೆ ಬಿಟ್ಟದ್ದು. ಆದರೆ ಎಷ್ಟು ಎತ್ತರದಿಂದ ಆ ಗುಂಡಿಗೆ ಇಳಿಯುತ್ತೇವೆ, ಎಷ್ಟು ನಿಧಾನವಾಗಿ ಇಳಿಯುತ್ತೇವೆ ಎಂಬುದು ನಮ್ಮ ಕಾಲಿನಲ್ಲಿದೆ.

ಗೇರ್ ಎಷ್ಟು ಬೇಗ ಬದಲಾದರೆ ಅಷ್ಟು ನಯ ಎಂದು ನಂಬಿದವರಿಗೆ ಎರಡು ಗಾಡಿಗಳನ್ನು ತೋರಿಸಬೇಕು. ಒಂದು, 2011ರಲ್ಲಿ ಬಂದ ಲ್ಯಾಂಬೊರ್ಗಿನಿ ಅವೆಂಟಡೋರ್. ಅದರ ಒಂಟಿ ಕ್ಲಚ್ಚಿನ ಗೇರ್‌ಬಾಕ್ಸ್ 50 ಮಿಲಿಸೆಕೆಂಡಿನಲ್ಲಿ, ಎಂದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಗೇರ್ ಬದಲಿಸುತ್ತದೆಂದು ಕಂಪನಿ ಹೇಳಿಕೊಂಡಿತ್ತು. ಹಲವು ಕೋಟಿ ಕೊಟ್ಟು ಕೊಂಡ ಆ ಕಾರು ಪೂರ್ತಿ ಜೋರಿನಲ್ಲಿ ಗೇರ್ ಬದಲಿಸಿದಾಗ ಬೆನ್ನಿಗೆ ಗುದ್ದಿದಂತಾಗುತ್ತದೆ ಎಂಬುದು ಅದನ್ನು ಓಡಿಸಿ ಬರೆದ ಹಲವು ವಿಮರ್ಶಕರ ದೂರು. ಎರಡನೆಯದು ನಮ್ಮ ಪಕ್ಕದ್ದೇ. ಹೊಸಕೋಟೆಯಲ್ಲಿ ತಯಾರಾಗುವ ವೋಲ್ವೊ 9600 ಬಸ್ಸಿನಲ್ಲಿರುವ ಐ-ಶಿಫ್ಟ್ ಎಂಬ 12 ಗೇರಿನ ಪೆಟ್ಟಿಗೆಯೂ ಮೂಲತಃ ಕ್ಲಚ್ ಪೆಡಲ್ ಇಲ್ಲದ, ಕಂಪ್ಯೂಟರ್ ಆಡಿಸುವ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಅದರ ಗೇರ್ ಬದಲಾವಣೆಗೆ ಅವೆಂಟಡೋರ್‌ನ ಅವಸರ ಕಿಂಚಿತ್ತೂ ಇಲ್ಲ. ಆದರೂ ರಾತ್ರಿ ಬೆಂಗಳೂರಿನಲ್ಲಿ ಮಲಗಿದವರು ಬೆಳಗ್ಗೆ ಬೇರೆ ಊರಿನಲ್ಲಿ ಏಳುವವರೆಗೆ ಎಷ್ಟು ಸಲ ಗೇರ್ ಬದಲಾಯಿತೆಂಬುದು ಅವರ ಗಮನಕ್ಕೇ ಬರುವುದಿಲ್ಲ. ಕಾರಣ ಸರಳ. ಅಷ್ಟು ಭಾರದ ಬಸ್ಸಿನ ಎಳೆತವೇ ಮೆಲ್ಲನೆಯದು, ಹಾಗಾಗಿ ಎಳೆತ ಕಡಿದಾಗ ಬೀಳುವ ಗುಂಡಿಯೂ ಆಳವಿಲ್ಲ. ಬಸ್ಸಿನ ಉದ್ದವೂ ಮೂಗು ಬಾಗುವುದನ್ನು ತಡೆಯುತ್ತದೆ ಎಂಬುದನ್ನು ಒಪ್ಪಬೇಕು. ಅಷ್ಟಾದರೂ ಈ ಎರಡು ಗಾಡಿಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ನಯಕ್ಕೂ ಚುರುಕಿಗೂ ನಂಟಿಲ್ಲ, ಕೆಲವೊಮ್ಮೆ ವೈರವೇ ಇದೆ ಎಂಬುದು ಸ್ಪಷ್ಟ.

ಹಾಗಾದರೆ ಕಾಲು ಮಾಡಬೇಕಾದ್ದೇನು? ಪ್ಯಾಡಲ್ ಎಳೆಯುವುದಕ್ಕೆ ಕೂದಲೆಳೆಯಷ್ಟು ಮೊದಲು ಎಕ್ಸಲರೇಟರನ್ನು ಸಡಿಲಿಸಬೇಕು, ಪೂರ್ತಿ ಬಿಡಬಾರದು. ಗೇರ್ ಬಿದ್ದು ಕ್ಲಚ್ ಕೂಡಿಕೊಂಡದ್ದು ತಿಳಿದ ಮೇಲೆ ಮೆಲ್ಲಗೆ ಮತ್ತೆ ಒತ್ತಬೇಕು. ಕೇಳಲು ಇಷ್ಟೇ, ಆದರೆ ಎರಡು ತಪ್ಪುಗಳು ತೀರ ಸಾಮಾನ್ಯ. ಮೊದಲನೆಯದು ಕಾಲನ್ನು ಪೂರ್ತಿ ಎತ್ತಿಬಿಡುವುದು. ಆಗ ಕ್ಲಚ್ ಬಿಡುವ ಮೊದಲೇ ಎಂಜಿನ್ ಕಾರನ್ನು ಹಿಡಿದು ಎಳೆದಂತಾಗಿ, ಯಾವ ವಾಲಾಟವನ್ನು ತಪ್ಪಿಸಬೇಕಿತ್ತೋ ಅದನ್ನು ನಾವೇ ತಂದುಕೊಂಡಂತಾಗುತ್ತದೆ. ಎರಡನೆಯದು ಅವಸರ. ಪ್ಯಾಡಲ್ ಎಳೆಯುವುದು ಯಂತ್ರಕ್ಕೆ ಸಲ್ಲಿಸುವ ಒಂದು ಅರ್ಜಿ ಮಾತ್ರ. ಅದನ್ನು ಓದಿ, ವೇಗ ನೋಡಿ, ಎಂಜಿನ್ನಿಗೆ ಅಪಾಯವಿಲ್ಲವೆಂದು ಖಾತ್ರಿ ಮಾಡಿಕೊಂಡು ಕಂಪ್ಯೂಟರ್ ಕೆಲಸ ಶುರು ಮಾಡಲು ಒಂದಿಷ್ಟು ಹೊತ್ತು ಬೇಕು. ಆ ತಡದ ನಡುವೆ ತಾಳ್ಮೆ ಕೆಟ್ಟು ಎಕ್ಸಲರೇಟರ್ ಒತ್ತಿದರೆ, ಕ್ಲಚ್ ಕೂಡುವ ಹೊತ್ತಿಗೆ ಎಂಜಿನ್ ಬೇಡದಷ್ಟು ಜೋರಾಗಿ ಸುತ್ತುತ್ತಿರುತ್ತದೆ. ಕಾರು ಮುಂದಕ್ಕೆ ನುಗ್ಗುತ್ತದೆ. ಒಂದೊಂದು ಕಾರಿನ ತಡ ಒಂದೊಂದು ಬಗೆಯದು. ಅದನ್ನು ಖಾಲಿ ರಸ್ತೆಯಲ್ಲಿ ಕಿವಿಯಿಂದಲೇ ಕಲಿಯಬೇಕು: ಎಂಜಿನ್ನಿನ ಸದ್ದು ಇಳಿದು ಹೊಸ ಮಟ್ಟದಲ್ಲಿ ನಿಂತಿತೆಂದರೆ ಗೇರ್ ಬಿತ್ತೆಂದು ಅರ್ಥ.

ಎಲ್ಲ ಗೇರಿಗೂ ಇಷ್ಟೇ ಜಾಗ್ರತೆ ಬೇಕಿಲ್ಲ. ಸಣ್ಣ ಕಾರುಗಳಲ್ಲಿ ಒಂದನೇ ಗೇರಿನ ಅನುಪಾತ ಸುಮಾರು 3.5, ಎರಡನೆಯದು ಸುಮಾರು 1.9, ಮೂರನೆಯದು 1.3ರ ಆಸುಪಾಸು ಇರುತ್ತದೆ. ಒಂದನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತು ಸುತ್ತುತ್ತಿದ್ದರೆ, ಅದೇ ವೇಗದಲ್ಲಿ ಎರಡನೇ ಗೇರಿಗೆ ಬಂದಾಗ ಅದು ಸುಮಾರು 1600ಕ್ಕೆ ಇಳಿಯಬೇಕು. ಅರ್ಧಕ್ಕರ್ಧ ಇಳಿತ! ಇಳಿಯದೆ ಉಳಿದ ಸುತ್ತುಗಳೆಲ್ಲ ಕ್ಲಚ್ ಕೂಡಿದ ಕೂಡಲೇ ಕಾರನ್ನು ಮುಂದಕ್ಕೆ ತಳ್ಳುತ್ತವೆ. ಮೂರರಿಂದ ನಾಲ್ಕಕ್ಕೆ ಹೋಗುವಾಗ ಇಳಿತ ಕಾಲುಭಾಗದಷ್ಟೇ, ಎಳೆತವೂ ಅಷ್ಟು ಹೊತ್ತಿಗೆ ಮೆತ್ತಗಾಗಿರುತ್ತದೆ. ಹಾಗಾಗಿ ಒಂದರಿಂದ ಎರಡು, ಎರಡರಿಂದ ಮೂರು, ಇವೆರಡನ್ನು ಹದಕ್ಕೆ ತಂದುಕೊಂಡರೆ ಕೂತವರ ದೂರಿನ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಒಂದನೇ ಗೇರ್ ಇರುವುದು ಕಾರನ್ನು ಉರುಳಿಸುವುದಕ್ಕೆ ಎಂದುಕೊಂಡು ಬೇಗನೆ ಎರಡಕ್ಕೆ ಹೋಗುವುದು ಒಳ್ಳೆಯದು. ಅದರಲ್ಲೇ ಎಳೆದಷ್ಟೂ ಇಳಿತ ದೊಡ್ಡದಾಗುತ್ತದೆ.

ಪ್ಯಾಡಲ್ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕಾಲು ಸಡಿಲಿಸಬೇಕಾದ ಗಳಿಗೆ ತಿಳಿಯಬೇಕಾದರೆ ಗೇರ್ ಯಾವಾಗ ಬದಲಾಗುತ್ತದೆಂದು ಮೊದಲೇ ಗೊತ್ತಿರಬೇಕು. ಗೇರ್ ಬದಲಿಸುವುದನ್ನು ಯಂತ್ರಕ್ಕೇ ಬಿಡುವ ‘ಡಿ’ಗೆ (ಡ್ರೈವ್) ಹಾಕಿ ಬಿಟ್ಟಾಗ ಅದು ಕಂಪ್ಯೂಟರಿನ ಗುಟ್ಟು, ನಾವು ಎಳೆಯುತ್ತಿರುವ ನಟ್ಟನಡುವೆ ಅದು ಕಡಿದುಬಿಡುತ್ತದೆ. ಪ್ಯಾಡಲ್ ನಮ್ಮ ಬೆರಳಲ್ಲಿದ್ದಾಗ ಗಳಿಗೆ ಗೊತ್ತುಮಾಡುವವರು ನಾವು. ಕಾರಿನಲ್ಲಿ ವಾಂತಿ ಮಾಡಿಕೊಳ್ಳುವವರು ಪ್ರಯಾಣಿಕರೇ ಹೊರತು ಡ್ರೈವರ್ ಅಲ್ಲ ಎಂಬುದು ಘಟ್ಟದ ರಸ್ತೆ ಕಂಡವರಿಗೆಲ್ಲ ಗೊತ್ತು. ಮುಂದೇನಾಗುತ್ತದೆಂದು ಮೊದಲೇ ತಿಳಿದ ದೇಹ ತನ್ನನ್ನು ತಾನು ಸಜ್ಜು ಮಾಡಿಕೊಳ್ಳುತ್ತದೆ, ತಿಳಿಯದ ದೇಹ ಏಟು ತಿನ್ನುತ್ತದೆ. ಪ್ಯಾಡಲ್ ಎಳೆಯುವ ಚಾಲಕರು ಸಜ್ಜಾಗಿರುವುದಷ್ಟೇ ಅಲ್ಲ, ಕಾರನ್ನೂ ಸಜ್ಜು ಮಾಡುತ್ತಾರೆ. ಪ್ಯಾಡಲ್ ಇಲ್ಲದ, ಬರೀ ‘ಡಿ’ ಇರುವ ಕಾರಿನವರು ನಿರಾಶರಾಗಬೇಕಿಲ್ಲ. ಯಾವ ವೇಗದಲ್ಲಿ ಯಾವ ಗೇರ್ ಎಂಬುದನ್ನು ಕಂಪ್ಯೂಟರ್ ತೀರ್ಮಾನಿಸುವುದು ಬಹುಮಟ್ಟಿಗೆ ಎಕ್ಸಲರೇಟರ್ ಎಷ್ಟು ಒತ್ತಿದೆ ಎಂಬುದರ ಮೇಲೆ. ಒತ್ತು ಕಡಿಮೆಯಾದರೆ ‘ಇವರಿಗೆ ಇಷ್ಟು ಎಳೆತ ಬೇಕಿಲ್ಲ’ ಎಂದುಕೊಂಡು ಮೇಲಿನ ಗೇರಿಗೆ ಹೋಗುತ್ತದೆ. ಅಂದರೆ ಸರಿಯಾದ ವೇಗದಲ್ಲಿ ಕಾಲು ಸಡಿಲಿಸಿದರೆ ಗೇರ್ ಕೇಳಿದಂತೆಯೂ ಆಯಿತು, ಎಳೆತ ತಗ್ಗಿಸಿದಂತೆಯೂ ಆಯಿತು. ಕಾಲೇ ಪ್ಯಾಡಲ್ ಆಗುತ್ತದೆ. ಬೆರಳಿಗಿರುವ ಖಚಿತತೆ ಕಾಲಿಗೆ ಬರುವುದಿಲ್ಲ ಎಂಬುದಷ್ಟೇ ಕೊರತೆ.

ಕೆಳಗಿನ ಗೇರಿಗೆ ಬರುವುದು ಬೇರೆಯದೇ ವಿದ್ಯೆ, ಹೆಚ್ಚು ಕಷ್ಟದ್ದು. ಅಲ್ಲಿ ಎಂಜಿನ್ ಇಳಿಯುವುದಲ್ಲ, ಏರಬೇಕು. ಮೂರರಲ್ಲಿ 2000 ಸುತ್ತಿನಲ್ಲಿದ್ದ ಎಂಜಿನ್ ಎರಡಕ್ಕೆ ಬಂದಾಗ 3000ದ ಹತ್ತಿರ ಸುತ್ತಬೇಕು. ದುಬಾರಿ ಕಾರುಗಳಲ್ಲಿ ಕಂಪ್ಯೂಟರೇ ಎಂಜಿನ್ನನ್ನು ಒಮ್ಮೆ ‘ವ್ರೂಂ’ ಎನ್ನಿಸಿ ಸುತ್ತು ಏರಿಸಿಕೊಂಡು ಕ್ಲಚ್ ಕೂಡಿಸುತ್ತದೆ. ಹಿಂದಿನ ಲಾರಿ ಡ್ರೈವರುಗಳು ಡಬಲ್ ಕ್ಲಚ್ ಹೊಡೆದು ಮಾಡುತ್ತಿದ್ದುದೂ ಇದನ್ನೇ. ಯಂತ್ರ ಇದನ್ನು ಅರೆಮನಸ್ಸಿನಿಂದ ಮಾಡುವ ಕಾರುಗಳಲ್ಲಿ ಏರುವ ಸುತ್ತಿಗೆ ಬೇಕಾದ ಶಕ್ತಿಯನ್ನು ಕ್ಲಚ್ ಚಕ್ರಗಳಿಂದಲೇ ಕಿತ್ತುಕೊಳ್ಳುತ್ತದೆ, ಬ್ರೇಕ್ ಒತ್ತಿದಂತೆ ಕಾರು ಮುಗ್ಗರಿಸುತ್ತದೆ. ಆದ್ದರಿಂದ ಕೆಳಗಿನ ಗೇರಿಗೆ ಬರುವಾಗ ಕಾಲು ಎತ್ತುವ ಪಾಠವನ್ನು ಮರೆಯಬೇಕು. ಏರಿನಲ್ಲಿ ಎಕ್ಸಲರೇಟರ್ ಒಂದೇ ಸಮ ಹಿಡಿದುಕೊಂಡು ಪ್ಯಾಡಲ್ ಎಳೆದರೆ ಎಂಜಿನ್ ತಾನಾಗಿ ಏರಿ ಸೇರಿಕೊಳ್ಳುತ್ತದೆ. ಇಳಿಜಾರಿನಲ್ಲಿ ಮೊದಲು ಬ್ರೇಕಿನಿಂದ ವೇಗ ತಗ್ಗಿಸಿ, ಆಮೇಲೆ ಒಂದೊಂದೇ ಗೇರ್ ಇಳಿಯಬೇಕು. ಒಟ್ಟಿಗೆ ಎರಡು ಸಲ ಎಳೆದರೆ ಎರಡು ಮುಗ್ಗರಿಕೆ ಒಂದಾಗಿ ಬರುತ್ತವೆ.

ಆಗುಂಬೆ ಘಾಟಿಯ 14 ತಿರುವುಗಳನ್ನು ಎಎಂಟಿ ಕಾರಿನಲ್ಲಿ ‘ಡಿ’ಗೆ ಹಾಕಿ ಹತ್ತುವವರ ಪಾಡು, ಗೇರ್ ಬದಲಾಗುವ ಗಳಿಗೆ ನಮ್ಮ ಕೈಯಲ್ಲಿರಬೇಕು ಎಂಬ ಮಾತಿಗೆ ಪುರಾವೆ. ತಿರುವು ಬಂತೆಂದು ಚಾಲಕರು ಕಾಲು ಸಡಿಲಿಸುತ್ತಾರೆ, ಇವರಿಗೆ ಎಳೆತ ಬೇಡವೆಂದುಕೊಂಡು ಯಂತ್ರ ಮೇಲಿನ ಗೇರಿಗೆ ಹೋಗುತ್ತದೆ. ತಿರುವಿನ ನಡುವೆ ಮತ್ತೆ ಒತ್ತಿದಾಗ ಶಕ್ತಿ ಸಾಲದೆ ಕೆಳಗಿನ ಗೇರಿಗೆ ಬರುತ್ತದೆ. ಏರಿನಲ್ಲಿ, ಸ್ಟಿಯರಿಂಗ್ ಪೂರ್ತಿ ತಿರುಗಿರುವಾಗ, ಅರ್ಧ ಸೆಕೆಂಡು ಎಳೆತವಿಲ್ಲದೆ ಕಾರು ತೂಕಡಿಸುತ್ತದೆ. ಎದುರಿನಿಂದ ಬಸ್ಸು ಇಳಿಯುತ್ತಿದ್ದರೆ ಆ ಅರ್ಧ ಸೆಕೆಂಡು ಯುಗವಾಗುತ್ತದೆ. ವೇಗ, ಒತ್ತು, ಏರಿನ ಓರೆ, ಇವನ್ನೆಲ್ಲ ಕಂಪ್ಯೂಟರ್ ಅಳೆಯಬಲ್ಲದು. ಮುಂದಿನ ತಿರುವು ಅದಕ್ಕೆ ಕಾಣುವುದಿಲ್ಲ. ಕಾಣುವುದು ನಮಗೆ. ತಿರುವಿಗೆ ಮೊದಲೇ, ರಸ್ತೆ ನೇರವಿರುವಾಗಲೇ ಎರಡನೇ ಗೇರಿಗೆ ಬಂದು ಅಲ್ಲೇ ಹಿಡಿದುಕೊಂಡರೆ ತಿರುವಿನೊಳಗೆ ಗೇರ್ ಬದಲಾಗುವ ಪ್ರಮೇಯವೇ ಇರುವುದಿಲ್ಲ. ಇನ್ನೊಂದು ಕಾರಣಕ್ಕೂ ಇದು ಮೊದಲೇ ಆಗಬೇಕು. ಹೆಚ್ಚಿನ ಕಾರುಗಳಲ್ಲಿ ಪ್ಯಾಡಲ್‌ಗಳು ಸ್ಟಿಯರಿಂಗ್ ಚಕ್ರಕ್ಕೇ ಅಂಟಿಕೊಂಡು ಅದರ ಜೊತೆ ತಿರುಗುತ್ತವೆ. ಚಕ್ರ ಅರ್ಧ ಸುತ್ತು ತಿರುಗಿದಾಗ ಎಡದ ಪ್ಯಾಡಲ್ ಬಲಕ್ಕೆ ಬಂದಿರುತ್ತದೆ, ಆಗ ತಡಕಾಡುವುದು ಅಪಾಯ. ಘಾಟಿಯಲ್ಲಿ ಓವರ್‌ಟೇಕ್ ಮಾಡುವಾಗಲೂ ಇದೇ ಲೆಕ್ಕ: ಪಕ್ಕಕ್ಕೆ ಸರಿದ ಮೇಲೆ ಎಕ್ಸಲರೇಟರ್ ತುಳಿದು ಯಂತ್ರ ಗೇರ್ ಇಳಿಸಲೆಂದು ಕಾಯುವುದಲ್ಲ, ಲಾರಿಯ ಹಿಂದಿರುವಾಗಲೇ ಗೇರ್ ಇಳಿಸಿಕೊಂಡು, ಎಳೆತ ಕೈಗೆ ಸಿಕ್ಕಿದೆಯೆಂದು ತಿಳಿದ ಮೇಲೆ ಹೊರಬರುವುದು.

ಇಷ್ಟೆಲ್ಲ ನಾನೇ ಮಾಡಬೇಕಾದರೆ ಮ್ಯಾನ್ಯುಯಲ್‌ಗಿಂತ ಅರ್ಧ ಲಕ್ಷದಷ್ಟು ಹೆಚ್ಚು ಕೊಟ್ಟು ಇದನ್ನು ಏಕೆ ಕೊಳ್ಳಬೇಕು ಎಂಬುದು ನ್ಯಾಯವಾದ ಆಕ್ಷೇಪ. ಆ ಹಣಕ್ಕೆ ಸಿಗುವುದು ನಯವಲ್ಲ, ಬಿಡುವು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಂಜೆ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ಎಡಗಾಲು ನಡುಗಿಸಿಕೊಂಡು ನಿಲ್ಲುವ ಶಿಕ್ಷೆ ತಪ್ಪುತ್ತದೆ, ಎಂಜಿನ್ ಆಫ್ ಆಗಿ ಹಿಂದಿನವರ ಹಾರ್ನ್ ಕೇಳುವುದು ತಪ್ಪುತ್ತದೆ. ಮೊಣಕಾಲು ನೋವಿರುವವರಿಗೆ ಅಷ್ಟೇ ಸಾಕು. ಕಾಲು ಸಡಿಲಿಸುವ ಪಾಠ ಕಲಿಯದಿದ್ದರೂ ಕಾರು ಓಡುತ್ತದೆ, ಮುರಿದು ಬೀಳುವುದಿಲ್ಲ. ಕಲಿತರೆ ಹಿಂದಿನ ಸೀಟಿನವರು ಹರಸುತ್ತಾರೆ. ಹೊಸ ಬಗೆಯ ಗೇರ್ ಬಂದಾಗಲೆಲ್ಲ ಓಡಿಸುವವರು ಒಂದಿಷ್ಟು ಕಲಿಯಬೇಕಾಗಿ ಬಂದದ್ದು ಇತಿಹಾಸದಲ್ಲೂ ಇದೆ. 1955ರ ಸಿಟ್ರೊಯೆನ್ ಡಿಎಸ್‌ನಲ್ಲಿ ಕ್ಲಚ್ ಪೆಡಲ್ ಇರಲಿಲ್ಲ, ಸ್ಟಿಯರಿಂಗ್ ಬಳಿಯ ಪುಟ್ಟ ಕಡ್ಡಿಯನ್ನು ಸರಿಸಿದರೆ ಹೈಡ್ರಾಲಿಕ್ ಒತ್ತಡವೇ ಕ್ಲಚ್ಚನ್ನೂ ಗೇರನ್ನೂ ನೋಡಿಕೊಳ್ಳುತ್ತಿತ್ತು. ಅರುವತ್ತರ ದಶಕದ ಕೊನೆಗೆ ಬಂದ ಪೋರ್ಷೆಯ ಸ್ಪೋರ್ಟೊಮ್ಯಾಟಿಕ್‌ನಲ್ಲಿ ಲಿವರಿಗೆ ಕೈ ತಾಗಿಸಿದರೆ ಸಾಕು, ಕ್ಲಚ್ ಬಿಟ್ಟುಕೊಳ್ಳುತ್ತಿತ್ತು. ಸುಮ್ಮನೆ ಲಿವರಿನ ಮೇಲೆ ಕೈಯಿಟ್ಟುಕೊಳ್ಳುವ ಚಟವಿದ್ದವರು ಮೊದಲು ಆ ಚಟ ಬಿಡಬೇಕಿತ್ತು.

ಎರಡನೇ ಆಕ್ಷೇಪ ತಂತ್ರಜ್ಞಾನ ಬಲ್ಲವರದು. ಈಗಿನ ಎಕ್ಸಲರೇಟರ್ ಒಂದು ವಿದ್ಯುತ್ ಸ್ವಿಚ್ಚಿನಂಥದು, ನಾವು ಒತ್ತಿಕೊಂಡಿದ್ದರೂ ಗೇರ್ ಬದಲಾವಣೆಯ ಹೊತ್ತಿಗೆ ಕಂಪ್ಯೂಟರ್ ತಾನೇ ಎಂಜಿನ್ ಬಲ ತಗ್ಗಿಸುತ್ತದೆ, ಮಧ್ಯೆ ಕಾಲು ಆಡಿಸಿದರೆ ಅದರ ಲೆಕ್ಕ ಕೆಡುತ್ತದೆ ಎನ್ನುತ್ತಾರೆ ಅವರು. ಇದರಲ್ಲಿ ನಿಜವಿದೆ. ಪೂರ್ತಿ ಜೋರಿನಲ್ಲಿ, ಸ್ಪೋರ್ಟ್ ಮೋಡಿನಲ್ಲಿ ಹೋಗುವಾಗ ಕಾಲೆತ್ತದೆ ಪ್ಯಾಡಲ್ ಎಳೆಯಬೇಕೆಂದೇ ಬಿಎಂಡಬ್ಲ್ಯು ಎಂ3ರ ಎಸ್‌ಎಂಜಿಯಂಥ ಗೇರ್‌ಬಾಕ್ಸ್‌ಗಳನ್ನು ರೂಪಿಸಿದ್ದರು. ಆದರೆ ಅಲ್ಲಿನ ಗುರಿ ಸಮಯ ಉಳಿಸುವುದು. ಮನೆಯವರನ್ನು ಕೂರಿಸಿಕೊಂಡು ಹೋಗುವಾಗಿನ ಗುರಿ ಬೇರೆ. ಕಂಪ್ಯೂಟರ್ ಬಲ ತಗ್ಗಿಸುವುದು ಹೌದು, ತನ್ನ ಅವಸರಕ್ಕೆ ತಕ್ಕ ಹಾಗೆ, ತಟ್ಟನೆ. ನಾವು ಮೊದಲೇ ತಗ್ಗಿಸಿ ಕೊಟ್ಟರೆ ಅದು ಕಡಿಯಬೇಕಾದ ಬಲವೇ ಕಡಿಮೆ, ಮರಳಿಸಬೇಕಾದ್ದೂ ಕಡಿಮೆ. ಲೆಕ್ಕ ಕೆಡುವುದು ನಾವು ಗೇರ್ ಬದಲಾಗುತ್ತಿರುವ ನಡುವೆ ಕಾಲನ್ನು ಮೇಲೆ ಕೆಳಗೆ ಮಾಡಿದಾಗ. ಮೊದಲೇ ಸಡಿಲಿಸಿ, ಅಲ್ಲೇ ನಿಲ್ಲಿಸಿ, ಆಮೇಲೆ ಒತ್ತಿದರೆ ಕೆಡುವುದಿಲ್ಲ.

ಇವೆಲ್ಲ ರಗಳೆಯೇ ಬೇಡ, ಒಳ್ಳೆಯ ಗೇರ್‌ಬಾಕ್ಸ್ ಕೊಳ್ಳಿ ಎನ್ನುವವರೂ ಇದ್ದಾರೆ. ಹಣವಿದ್ದರೆ ಅವರ ಮಾತೇ ಸರಿ. 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಮೂಲಕ ಮಾರುಕಟ್ಟೆಗೆ ಬಂದ ಎರಡು ಕ್ಲಚ್ಚಿನ ಡಿಎಸ್‌ಜಿ ಖಾಲಿ ಅವಧಿಯನ್ನೇ ಅಳಿಸಿಹಾಕಿತು. ಬೆಸ ಸಂಖ್ಯೆಯ ಗೇರುಗಳಿಗೆ ಒಂದು ಕ್ಲಚ್, ಸಮ ಸಂಖ್ಯೆಯವಕ್ಕೆ ಇನ್ನೊಂದು. ಒಂದು ಬಿಡುತ್ತಿರುವಾಗಲೇ ಮತ್ತೊಂದು ಹಿಡಿಯುತ್ತದೆ. ಟಾರ್ಕ್ ಕನ್ವರ್ಟರ್ ಇರುವ ಹಳೆಯ ಮಾದರಿಯ ಆಟೊಮ್ಯಾಟಿಕ್ ಎಣ್ಣೆಯ ಮೂಲಕವೇ ಬಲ ಸಾಗಿಸುವುದರಿಂದ ಇನ್ನೂ ಮೆತ್ತಗೆ. ಇವುಗಳ ಜೊತೆ ಎಎಂಟಿ ನಯದಲ್ಲಿ ಸ್ಪರ್ಧಿಸಲಾರದು, ಸ್ಪರ್ಧಿಸುತ್ತದೆಂದು ಹೇಳಿದರೆ ಅದು ಮಾರಾಟದ ಮಾತು. ಆದರೆ ಅವುಗಳ ಬೆಲೆ, ಕೆಟ್ಟಾಗಿನ ಖರ್ಚು ಎರಡೂ ಹೆಚ್ಚು.

ನಯದ ಮಾತಾಡುವಾಗ ಕ್ಲಚ್ಚಿನ ಆಯುಷ್ಯದ ಮಾತನ್ನೂ ಆಡಲೇಬೇಕು, ಏಕೆಂದರೆ ಸವೆದ ಕ್ಲಚ್ ಯಾವ ಕಾಲಿಗೂ ಬಗ್ಗುವುದಿಲ್ಲ. ಎಎಂಟಿಯ ಒಳಗೆ ಇರುವುದು ಮಾಮೂಲಿ ಕ್ಲಚ್ ಪ್ಲೇಟು. ಪೆಡಲ್ ಇಲ್ಲವೆಂದ ಮಾತ್ರಕ್ಕೆ ಅದು ಇಲ್ಲವಾಗಿಲ್ಲ, ಕಣ್ಣಿಗೆ ಕಾಣದಾಗಿದೆ ಅಷ್ಟೇ. ಫ್ಲೈಓವರಿನ ಏರಿನಲ್ಲಿ ಟ್ರಾಫಿಕ್ ನಿಂತಾಗ ಬ್ರೇಕ್ ಬಿಟ್ಟು, ಎಕ್ಸಲರೇಟರನ್ನೇ ಇಷ್ಟಿಷ್ಟು ಒತ್ತುತ್ತ ಕಾರು ಜಾರದಂತೆ ಹಿಡಿದು ನಿಲ್ಲಿಸುವವರು ಬಹಳ. ಎಣ್ಣೆಯ ಮೇಲೆ ನಡೆಯುವ ಆಟೊಮ್ಯಾಟಿಕ್ ಅದನ್ನು ಸ್ವಲ್ಪ ಹೊತ್ತು ಸಹಿಸೀತು. ಎಎಂಟಿಯಲ್ಲಿ ಅದು ಸತತ ಹಾಫ್ ಕ್ಲಚ್. ಪ್ಲೇಟು ಕಾದು ವಾಸನೆ ಬರುತ್ತದೆ, ಹಿಡಿತ ಸಡಿಲವಾಗುತ್ತದೆ, ಆಮೇಲೆ ಸಪಾಟು ರಸ್ತೆಯಲ್ಲೂ ಕಾರು ನಡುಗುತ್ತ ಹೊರಡುತ್ತದೆ. ಏರಿನಲ್ಲಿ ನಿಲ್ಲಲು ಬ್ರೇಕು, ಹೊರಡಲು ಹ್ಯಾಂಡ್‌ಬ್ರೇಕು ಅಥವಾ ಕಾರಿನಲ್ಲಿದ್ದರೆ ಹಿಂದಕ್ಕೆ ಜಾರದಂತೆ ತಡೆಯುವ ಹಿಲ್ ಹೋಲ್ಡ್, ಇಷ್ಟೇ ನಿಯಮ. ಮುಂದಿನ ಗಾಡಿ ಒಂದಡಿ ಸರಿದಾಗಲೆಲ್ಲ ತಾನೂ ಒಂದಡಿ ಸರಿಯುವ ಬದಲು ಒಂದಿಷ್ಟು ಜಾಗ ಬಿಟ್ಟುಕೊಟ್ಟು, ಆಮೇಲೆ ಒಂದೇ ಸಲ ಹೊರಟರೆ ಕ್ಲಚ್ ಪೂರ್ತಿ ಕೂಡಿಕೊಳ್ಳಲು ಎಡೆ ಸಿಗುತ್ತದೆ. ನಮ್ಮೂರಿನಲ್ಲಿ ಆ ಜಾಗಕ್ಕೆ ಎರಡು ಸ್ಕೂಟರು, ಒಂದು ಆಟೊ ನುಗ್ಗುತ್ತವೆ ಎಂಬುದು ನಿಜ. ನುಗ್ಗಲಿ ಬಿಡಿ, ಕ್ಲಚ್ ಪ್ಲೇಟಿನ ಬಿಲ್ ಕಟ್ಟುವವರು ಅವರಲ್ಲ.

ವಿದ್ಯುತ್ ಕಾರುಗಳು ಬಂದ ಮೇಲೆ ಇದೆಲ್ಲ ಹಳೆಯ ಕಥೆ ಎನ್ನಬಹುದು. ಬಹುತೇಕ ವಿದ್ಯುತ್ ಕಾರುಗಳಲ್ಲಿ ಬದಲಿಸಲು ಗೇರೇ ಇಲ್ಲ, ಎಳೆತ ಎಲ್ಲೂ ಕಡಿಯುವುದಿಲ್ಲ. ತಮಾಷೆಯೆಂದರೆ, ಹ್ಯುಂಡೈ 2023ರಲ್ಲಿ ತಂದ ಅಯಾನಿಕ್ 5 ಎನ್ ಎಂಬ ವಿದ್ಯುತ್ ಕಾರಿನಲ್ಲಿ ಪ್ಯಾಡಲ್ ಎಳೆದರೆ ಇಲ್ಲದ ಗೇರ್ ಬದಲಾದಂತೆ ಮೋಟಾರು ಒಂದು ಸುಳ್ಳು ಜರ್ಕ್ ಕೊಡುತ್ತದೆ, ಸ್ಪೀಕರಿನಲ್ಲಿ ಎಂಜಿನ್ನಿನ ಸದ್ದೂ ಬರುತ್ತದೆ. ಬೇಕೆಂದವರು ಹಾಕಿಕೊಳ್ಳಬಹುದು, ಬೇಡದವರು ಆರಿಸಬಹುದು. ಆದರೆ ಪ್ಯಾಡಲ್ ವಿದ್ಯುತ್ ಕಾರಿನಲ್ಲೂ ಬರೀ ನಾಟಕಕ್ಕೆ ಉಳಿದಿಲ್ಲ. ಟಾಟಾ ನೆಕ್ಸಾನ್‌ನ 2023ರ ವಿದ್ಯುತ್ ಮಾದರಿಯಲ್ಲಿ ಅದೇ ಜಾಗದ ಪ್ಯಾಡಲ್‌ಗಳು, ಕಾಲೆತ್ತಿದಾಗ ಮೋಟಾರು ಎಷ್ಟು ಜೋರಾಗಿ ಕಾರನ್ನು ತಡೆದು ಬ್ಯಾಟರಿಗೆ ವಿದ್ಯುತ್ ಮರಳಿಸಬೇಕೆಂಬುದನ್ನು ಹೆಚ್ಚು ಕಡಿಮೆ ಮಾಡುತ್ತವೆ. ತಡೆಯನ್ನು ಗರಿಷ್ಠಕ್ಕೆ ಇಟ್ಟುಕೊಂಡು ಕಾಲನ್ನು ತಟ್ಟನೆ ಎತ್ತಿದರೆ ಹಿಂದಿನ ಸೀಟಿನವರ ತಲೆ ಎಎಂಟಿಯಲ್ಲಿ ವಾಲಿದ್ದಕ್ಕಿಂತ ಹೆಚ್ಚೇ ವಾಲುತ್ತದೆ. ಇಳಿಜಾರು ಶುರುವಾಗುವ ಮೊದಲೇ ಒಂದು ಮಟ್ಟ ಆರಿಸಿಕೊಂಡು, ಕಾಲನ್ನು ಪೂರ್ತಿ ಎತ್ತದೆ ಇಷ್ಟಿಷ್ಟೇ ಸಡಿಲಿಸುತ್ತ ಬರುವವರ ಕಾರಿನಲ್ಲಿ ಹಾಗಾಗುವುದಿಲ್ಲ.